ನುಡಿ ಕಾಯ್ದ ಅರಿವು

ಮನುಷ್ಯನು ತನ್ನ ಆಯುಷ್ಯದಲ್ಲಿ ಕಂಡುಕೊಂಡ ಅರಿವು ಅವನೊಡನೆ ಮಣ್ಣುಗೂಡದೆ ಮುಂದಿನವರಿಗೆ ಸಲ್ಲಬೇಕಾದರೆ ಅದಕ್ಕೆ ನುಡಿಯ ಆಸರೆ ಬೇಕು. ಕಮ್ಮಾರನ ಕೈಚಳಕ, ವೈದ್ಯನ ಮೂಲಿಕೆಯ ಪರಿಚಯ, ಸಾಧಕನ ಅನುಭಾವ ಇವೆಲ್ಲ ಮಾತಿಗೆ ಬಂದಾಗಲೇ ಪರರಿಗೂ ಸೊತ್ತಾಗುತ್ತವೆ. ಆದರೆ ನುಡಿಯಲ್ಲಿಟ್ಟ ಮಾತ್ರಕ್ಕೆ ಅರಿವು ಉಳಿಯಿತೆಂದು ತಿಳಿಯುವಂತಿಲ್ಲ. ನುಡಿದವನು, ಬರೆದಿಟ್ಟವನು, ಓದಿ ತಿಳಿದವನು ಈ ಮೂವರಲ್ಲಿ ಒಬ್ಬನು ತಪ್ಪಿದರೂ ಸರಪಳಿ ಕಡಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಎಂಟುನೂರು ವರ್ಷಗಳನ್ನು ದಾಟಿ ಬಂದ ಬಗೆಯನ್ನು ಪರಿಶೀಲಿಸಿದರೆ ಈ ಮಾತು ಮನದಟ್ಟಾಗುತ್ತದೆ.

ಶರಣರ ಕಾಲಕ್ಕೆ ಶಾಸ್ತ್ರದ ಭಾಷೆ ಸಂಸ್ಕೃತವಾಗಿದ್ದಿತು. ಕನ್ನಡದಲ್ಲಿ ಶ್ರೇಷ್ಠ ಕಾವ್ಯಗಳಿದ್ದರೂ ಅವುಗಳಲ್ಲಿ ಹೆಚ್ಚಿನವು ವೃತ್ತ-ಕಂದಗಳ ಚಂಪೂ ಕೃತಿಗಳು. ಪಂಡಿತರ ಮತ್ತು ಆಸ್ಥಾನದ ಅಭಿರುಚಿಗೆ ಒಪ್ಪುವಂಥವು. ಕಲ್ಯಾಣದಲ್ಲಿ ನೆರೆದವರಾದರೋ ಬೇರೆಯ ಜನ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿಮಾಡುವ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದನಕಾಯುವ ತುರುಗಾಹಿ ರಾಮಣ್ಣ, ನೂಲುವ ಕದಿರ ರೆಮ್ಮವ್ವೆ, ಬಿದ್ದ ಅಕ್ಕಿಯನ್ನು ಆಯ್ದು ತರುವ ಆಯ್ದಕ್ಕಿ ಮಾರಯ್ಯ ಮತ್ತು ಅವನ ಸತಿ ಲಕ್ಕಮ್ಮ ಇಂಥವರು ಅಲ್ಲಿದ್ದರು. ಇವರೆಲ್ಲರೂ ಕೇಳಿ ತಿಳಿಯಬೇಕು, ತಿಳಿದುದನ್ನು ಮರುನುಡಿಯಬೇಕು ಎಂದಾಗ ಆಡುಮಾತಿಗೆ ಸಮೀಪವಾದ, ಆದರೆ ಲಯವನ್ನು ಬಿಡದ ಗದ್ಯವೇ ತಕ್ಕ ಮಾರ್ಗವಾಯಿತು.

ಇಲ್ಲಿ ಅರಿವಿನ ಹಂಚಿಕೆ ಒಮ್ಮುಖವಾದುದಲ್ಲವೆಂಬುದು ಗಮನಾರ್ಹ. ಬಲ್ಲವರು ಹೇಳಿ ಅರಿಯದವರು ಕೇಳಿದರೆಂಬ ಚಿತ್ರ ವಚನಗಳಲ್ಲಿ ದೊರೆಯುವುದಿಲ್ಲ. ಕಾಯಕದವರು ತಮ್ಮ ಕಸುಬಿನ ಮಾತನ್ನು ಹಿಡಿದುಕೊಂಡೇ ಅನುಭವಮಂಟಪಕ್ಕೆ ಬಂದರು. ನೇಯ್ಗೆಯ ಹಾಸು-ಹೊಕ್ಕು, ನೂಲುವವರ ರಾಟೆ-ಕದಿರು, ಅಂಬಿಗನ ಹುಟ್ಟು-ಹರಿಗೋಲು, ಒಕ್ಕಲಿಗನ ಕಣ-ರಾಶಿ, ಅಳೆಯುವವರ ಕೊಳಗ, ಅಕ್ಕಸಾಲಿಗನ ಒರೆಗಲ್ಲು ಇವೆಲ್ಲ ತತ್ತ್ವವನ್ನು ಹೇಳುವ ಸಾಧನಗಳಾದವು. ವೈದ್ಯ ಸಂಗಣ್ಣನ ವಚನಗಳಲ್ಲಿ ರೋಗ ಮತ್ತು ಔಷಧಿಗಳ ಪರಿಭಾಷೆಯೇ ಭವರೋಗದ ವಿಚಾರಕ್ಕೆ ಒದಗಿತು. ಹೀಗೆ ಧರ್ಮತತ್ತ್ವವನ್ನು ಉಳಿಸಲೆಂದು ನುಡಿದ ಮಾತುಗಳಲ್ಲಿ ಒಂದು ನಾಡಿನ ಕಸುಬುಗಳ ತಿಳಿವಳಿಕೆಯೂ ತಾನಾಗಿ ಉಳಿಯಿತು. ಅರಸರ ಶಾಸನಗಳಲ್ಲಿ ಹುಡುಕಿದರೂ ಇಷ್ಟು ಸಮೃದ್ಧವಾಗಿ ದೊರೆಯಲಾರದ ಸಂಪತ್ತು ಇದು.

ದಿನಬಳಕೆಯ ಶಬ್ದಗಳಿಗೆ ಶರಣರು ತುಂಬಿದ ಅರ್ಥವೂ ಇಂಥದೇ. ‘ಬಯಲು’ ಎಂದರೆ ಊರ ಹೊರಗಿನ ತೆರೆದ ನೆಲ. ವಚನದಲ್ಲಿ ಅದು ಹೆಸರು ರೂಪಗಳಿಗೆ ನಿಲುಕದ ಪರತತ್ತ್ವವಾಯಿತು. ‘ಕಾಯಕ’ವು ದೇಹದ ದುಡಿಮೆಯಷ್ಟೇ ಆಗಿ ಉಳಿಯದೆ ದುಡಿಮೆಯ ನೀತಿಯನ್ನೂ ಒಳಗೊಂಡಿತು. ಕೇಳುವವನಿಗೆ ಶಬ್ದ ಮೊದಲೇ ಪರಿಚಿತವಾದುದರಿಂದ ಹೊಸ ಅರ್ಥವನ್ನು ನೆನಪಿನಲ್ಲಿಡಲು ಪ್ರಯಾಸವಿರಲಿಲ್ಲ. ಕಿರಿದಾದ ಆಕಾರವೂ ನೆನಪಿಗೆ ನೆರವಾಯಿತು. ಎಲ್ಲಕ್ಕಿಂತ ಮಿಗಿಲಾಗಿ ವಚನಗಳಲ್ಲಿ ಸಾಮಾನ್ಯವಾಗಿ ಇಷ್ಟದೈವದ ಹೆಸರಿನ ಅಂಕಿತವಿದ್ದಿತು. ರಾಮನಾಥನೆಂದರೆ ಜೇಡರ ದಾಸಿಮಯ್ಯ, ಗುಹೇಶ್ವರನೆಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ, ಕಪಿಲಸಿದ್ಧಮಲ್ಲಿಕಾರ್ಜುನನೆಂದರೆ ಸಿದ್ಧರಾಮ. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗುವಾಗಲೂ ವಚನವು ತನ್ನ ಒಡೆಯನ ಗುರುತನ್ನು ತನ್ನೊಳಗೇ ಹೊತ್ತು ನಡೆಯಿತು.

ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಚದುರಿದರು. ಚೆನ್ನಬಸವಣ್ಣನ ಮುಂದಾಳುತನದಲ್ಲಿ ಒಂದು ಸಮೂಹವು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯತ್ತ ಸಾಗಿತೆಂದು ಪ್ರತೀತಿಯಿದೆ. ಮುಂದೆ ಹರಿಹರನು ರಗಳೆಗಳಲ್ಲಿ ಶರಣರ ಚರಿತೆಯನ್ನು ಹಾಡಿದನು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣವನ್ನು ಅನುಸರಿಸಿ 1369ರಲ್ಲಿ ಭೀಮಕವಿಯು ಕನ್ನಡದಲ್ಲಿ ಬಸವಪುರಾಣವನ್ನು ಬರೆದನು. ಕನ್ನಡ ನೆಲದ ಶರಣನ ಪುರಾಣವು ತೆಲುಗಿನ ಮನೆಗೆ ಹೋಗಿ ಮರಳಿ ಕನ್ನಡದ ಮನೆಗೆ ಬಂದುದು, ನೆರೆಯ ನುಡಿಗಳು ಒಂದಕ್ಕೊಂದು ಕಣಜವಾಗಬಲ್ಲವೆಂಬುದಕ್ಕೆ ಒಳ್ಳೆಯ ನಿದರ್ಶನ.

ವಚನಗಳನ್ನು ಕೂಡಿಹಾಕುವ ವ್ಯವಸ್ಥಿತವಾದ ಕಾರ್ಯ ನಡೆದುದು ಹದಿನೈದನೆಯ ಶತಮಾನದಲ್ಲಿ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರ ಆಶ್ರಯದಲ್ಲಿ ಶರಣಸಾಹಿತ್ಯಕ್ಕೆ ಮರುಜೀವ ಬಂದಿತು. ಸಂಕಲನಕಾರರು ಬಿಡಿಬಿಡಿಯಾಗಿದ್ದ ವಚನಗಳನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲದ ಕ್ರಮಕ್ಕೆ ಹೊಂದಿಸಿದರು. ಹೀಗೆ ಹೊಂದಿಸಿದ ಕಟ್ಟಿನಲ್ಲಿ ಒಂದೊಂದು ವಚನಕ್ಕೂ ಒಂದು ನೆಲೆ ಇರುವುದರಿಂದ ಅದನ್ನು ಹುಡುಕುವುದೂ, ಪಾಠಮಾಡುವುದೂ, ಕಳೆದುಹೋದುದನ್ನು ಗುರುತಿಸುವುದೂ ಸುಲಭವಾಗುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನು ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ವಚನಗಳನ್ನು ಶರಣರ ಸಂವಾದವನ್ನಾಗಿ ಹೆಣೆದು ಶೂನ್ಯಸಂಪಾದನೆಯನ್ನು ರಚಿಸಿದನು. ಅವನ ತರುವಾಯ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಇವರು ಅದನ್ನು ಪರಿಷ್ಕರಿಸಿದರು. ಒಂದೇ ಗ್ರಂಥವು ನಾಲ್ಕು ಕೈಗಳಲ್ಲಿ ನಾಲ್ಕು ರೂಪ ತಾಳಿದುದನ್ನು ನೋಡಿದರೆ, ಸಂರಕ್ಷಣೆಯೆಂಬುದು ಇದ್ದುದನ್ನು ಇದ್ದಂತೆಯೇ ಇಡುವ ಕೆಲಸ ಮಾತ್ರವಲ್ಲ, ಅರ್ಥವಿಚಾರವೂ ಹೌದೆಂದು ವ್ಯಕ್ತವಾಗುತ್ತದೆ. ಆದುದರಿಂದ ಶೂನ್ಯಸಂಪಾದನೆಯ ಸಂವಾದಗಳನ್ನು ಹನ್ನೆರಡನೆಯ ಶತಮಾನದಲ್ಲಿ ನಡೆದ ಮಾತುಕತೆಯ ಯಥಾವತ್ತಾದ ವರದಿಯೆಂದು ವಿದ್ಯಾರ್ಥಿಗಳು ಎಣಿಸಬಾರದು. ವಚನ ಶರಣರದು, ಹೆಣಿಗೆ ಸಂಕಲನಕಾರನದು.

ಈ ಎಲ್ಲ ಶ್ರಮಕ್ಕೆ ಆಧಾರವಾದುದು ತಾಳೆಯೋಲೆ. ಗರಿಗಳನ್ನು ಹದಮಾಡಿ ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಮಸಿಯನ್ನು ಸವರಿ ಒರೆಸಿದಾಗ ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತಿದ್ದಿತು. ರಂಧ್ರದಲ್ಲಿ ದಾರವನ್ನು ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು ಕಟ್ಟು ಕಟ್ಟುತ್ತಿದ್ದರು. ಹುಳು, ತೇವ, ಬೆಂಕಿ ಇವು ಓಲೆಯ ಹಗೆಗಳು. ಹಳೆಯ ಕಟ್ಟು ಶಿಥಿಲವಾಗುವ ಮೊದಲೇ ಹೊಸ ಪ್ರತಿಯಾಗದಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಇಂದು ಉಳಿದಿರುವ ಪ್ರತಿಯೊಂದು ವಚನವೂ ಹೆಸರು ತಿಳಿಯದ ಅದೆಷ್ಟೋ ಲಿಪಿಕಾರರ ಬೆರಳುಗಳ ಋಣದಲ್ಲಿದೆ.

ಆ ಬೆರಳುಗಳು ತಪ್ಪಿದ್ದೂ ಉಂಟು. ಹಳೆಯ ಬರಹದಲ್ಲಿ ಎಕಾರ-ಒಕಾರಗಳ ಹ್ರಸ್ವ ದೀರ್ಘಗಳನ್ನು ಬೇರೆಬೇರೆಯಾಗಿ ಗುರುತಿಸುವ ರೂಢಿಯಿರಲಿಲ್ಲ. ಆದುದರಿಂದ ‘ಬೆಳೆ’ಯೋ ‘ಬೇಳೆ’ಯೋ, ‘ಕೊಡು’ವೋ ‘ಕೋಡು’ವೋ ಎಂಬುದನ್ನು ಓದುವವನು ಸಂದರ್ಭದಿಂದಲೇ ತಿಳಿಯಬೇಕು. ಶಬ್ದಗಳ ನಡುವೆ ಎಡೆ ಬಿಡುವ ಪದ್ಧತಿಯೂ ಇರಲಿಲ್ಲ. ಮಕಾರ ವಕಾರಗಳು ಕೈಬರಹದಲ್ಲಿ ಒಂದನ್ನೊಂದು ಹೋಲುವುದರಿಂದ ‘ಮನ’ವು ‘ವನ’ವಾಗಲು ಒಂದು ಗೆರೆಯ ಅಂತರ ಸಾಕು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಅಂಕಿತದ್ದು. ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’, ಚೆನ್ನಬಸವಣ್ಣನದು ‘ಕೂಡಲಚೆನ್ನಸಂಗಮದೇವ’. ಲಿಪಿಕಾರನ ಕಣ್ಣು ‘ಚೆನ್ನ’ ಎಂಬ ಎರಡಕ್ಷರವನ್ನು ದಾಟಿದರೆ ಅಳಿಯನ ವಚನ ಮಾವನ ಪಾಲಾಗುತ್ತದೆ. ಹಲವು ಪ್ರತಿಗಳನ್ನು ಒಟ್ಟಿಗಿಟ್ಟು ಪಾಠಾಂತರಗಳನ್ನು ತೂಗಿನೋಡುವ ಗ್ರಂಥಸಂಪಾದನ ಶಾಸ್ತ್ರದ ಅಗತ್ಯ ಇಲ್ಲಿಯೇ ಸ್ಪಷ್ಟವಾಗುತ್ತದೆ. ಪಾಠ ಶುದ್ಧವಿಲ್ಲದಲ್ಲಿ ಅರ್ಥವಿಚಾರಕ್ಕೆ ನೆಲೆಯಿಲ್ಲ.

ಲಿಪಿಕಾರನ ತಪ್ಪಿಗಿಂತಲೂ ಹೆಚ್ಚಿನ ಹಾನಿಯನ್ನು ಓದುಗನ ಅಭಾವ ಮಾಡಿತು. ಕಾಲಾಂತರದಲ್ಲಿ ಅನೇಕ ಮನೆಗಳಲ್ಲಿ ಓಲೆಯ ಕಟ್ಟುಗಳು ಜಗುಲಿಯನ್ನೇರಿ ಪೂಜೆಗೊಂಡವೇ ಹೊರತು ಬಿಚ್ಚಲ್ಪಡಲಿಲ್ಲ. ಕಟ್ಟನ್ನು ಕಾಯ್ದ ಭಕ್ತಿಗೆ ನಾಡು ಕೃತಜ್ಞವಾಗಿರಬೇಕು, ನಿಜ. ಆದರೆ ಓದದೆ ಪೂಜಿಸಿದ ಓಲೆಯನ್ನು ಹುಳು ಓದುತ್ತದೆ. ಭತ್ತ ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮನದೆಂದು ಇಂದು ದೊರೆಯುವುದು ಒಂದೇ ವಚನ. ಆಕೆ ನುಡಿದುದು ಅಷ್ಟೇ ಇರಲಾರದು. ಉಳಿದುದು ಯಾವ ಮಾಡದಲ್ಲಿ ಪುಡಿಯಾಯಿತೋ ಬಲ್ಲವರಿಲ್ಲ.

ಈ ಸ್ಥಿತಿಯಲ್ಲಿ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು (1880–1964) ಮಾಡಿದ ಕಾರ್ಯ ಚಿರಸ್ಮರಣೀಯ. ಮನೆ ಮಠಗಳಿಗೆ ಅಲೆದು ಅವರು ಓಲೆಯ ಕಟ್ಟುಗಳನ್ನು ಬೇಡಿ ತಂದರು, ಪ್ರತಿಮಾಡಿದರು, ಶೋಧಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಅವರು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಕೀಲಿಯ ಗಳಿಕೆಯಷ್ಟೇ ಅಲ್ಲದೆ ಸ್ವಂತ ಮನೆಯೂ ಈ ಕಾರ್ಯಕ್ಕೆ ಮಾರಿಹೋಯಿತು. ಒಂದು ಮನೆಯ ಜಗುಲಿಯಲ್ಲಿದ್ದ ಒಂದೇ ಪ್ರತಿ ಅಚ್ಚಿನಿಂದ ನೂರಾರು ಪ್ರತಿಯಾಗಿ, ಶಾಲೆಯ ಹುಡುಗನ ಕೈಗೂ ದೊರೆಯುವಂತಾಯಿತು. ಬೆಂಕಿ ಒಂದು ಪ್ರತಿಯನ್ನು ಸುಟ್ಟರೂ ಅರಿವು ಸುಡುವುದಿಲ್ಲವೆಂಬ ಭರವಸೆ ಆಗ ಮೊದಲ ಬಾರಿಗೆ ಮೂಡಿತು.

ಹಾಕಿದ ಬುನಾದಿಯ ಮೇಲೆ ಮುಂದಿನವರು ಕಟ್ಟಿದರು. 1965ರಿಂದ 1972ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದವನ್ನು ಐದು ಸಂಪುಟಗಳಲ್ಲಿ ಹೊರತಂದಿತು. 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಹದಿನೈದು ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿತು. ಬೆಂಗಳೂರಿನ ಬಸವ ಸಮಿತಿಯ ಯೋಜನೆಯ ಮೂಲಕ ಆಯ್ದ ವಚನಗಳು ಭಾರತದ ಅನೇಕ ಭಾಷೆಗಳಿಗೆ ಸಂದಿವೆ. ಅನುವಾದಕನು ‘ಕಾಯಕ’, ‘ದಾಸೋಹ’, ‘ಬಯಲು’ ಎಂಬಲ್ಲಿ ತಡೆದು ನಿಲ್ಲುತ್ತಾನೆ. ಎಷ್ಟೋ ಬಾರಿ ಆ ಶಬ್ದಗಳನ್ನೇ ಇರಿಸಿಕೊಂಡು ವಿವರಣೆ ಕೊಡುತ್ತಾನೆ. ಇದು ಅನುವಾದದ ಸೋಲಲ್ಲ. ಒಂದು ನುಡಿಯಲ್ಲಿ ಪಕ್ವವಾದ ಅರಿವು ಮತ್ತೊಂದು ನುಡಿಗೆ ತನ್ನ ಹೆಸರಿನೊಡನೆಯೇ ಹೋಗುತ್ತದೆ, ಆ ನುಡಿಯನ್ನು ಅಷ್ಟರಮಟ್ಟಿಗೆ ಬೆಳೆಸುತ್ತದೆ.

ಇಂದು ವಚನಗಳ ಪಾಠವು ಗಣಕಯಂತ್ರದಲ್ಲಿ ಶಬ್ದಶಬ್ದವಾಗಿ ಹುಡುಕಲು ದೊರೆಯುತ್ತಿದೆ. ಓಲೆಯ ಕಾಲದ ಭಯಗಳು ಬಹುಮಟ್ಟಿಗೆ ನೀಗಿವೆ. ಆದರೂ ಹೊಸದೊಂದು ಕೊರತೆ ಕಾಣತೊಡಗಿದೆ. 1956ರ ಶಾಸನದಿಂದ ಮೆಟ್ರಿಕ್ ಪದ್ಧತಿ ಬಂದ ಮೇಲೆ ಕೊಳಗ, ಸೊಲಿಗೆಗಳು ಸಂತೆಯಿಂದ ಮರೆಯಾದವು. ರಾಟೆ, ಕದಿರು, ಹರಿಗೋಲು ಇವನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ವಿರಳ. ‘ಹಾಸುಹೊಕ್ಕಾಗಿದೆ’ ಎಂದು ನಿತ್ಯವೂ ಆಡುವವರಲ್ಲಿ ಅದು ಮಗ್ಗದ ಉದ್ದೆಳೆ ಅಡ್ಡೆಳೆಗಳ ಮಾತೆಂದು ಬಲ್ಲವರೆಷ್ಟು ಮಂದಿ? ವಸ್ತು ಹೋದರೆ ಶಬ್ದ ಬರಿದಾಗುತ್ತದೆ. ಶಬ್ದ ಬರಿದಾದರೆ ಅದರ ಮೇಲೆ ನಿಂತ ಉಪಮೆ ಕುಸಿಯುತ್ತದೆ. ಉಪಮೆ ಕುಸಿದಲ್ಲಿ ತತ್ತ್ವ ಕಂಠಪಾಠವಾಗಿ ಉಳಿಯುತ್ತದೆ. ಹುಳು ತಿನ್ನದೆಯೂ ಓಲೆ ಹಾಳಾಗುವ ಬಗೆ ಇದು.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ಊರಿನಲ್ಲಿ ಇನ್ನೂ ಮಗ್ಗವಿಟ್ಟವರು, ಬಿತ್ತಿ ಬೆಳೆಯುವವರು, ಹಗ್ಗ ಹೊಸೆಯಬಲ್ಲ ಹಿರಿಯರು ಇದ್ದಾರೆ. ವಚನವನ್ನು ಪಾಠಹೇಳುವವರು ವಿದ್ಯಾರ್ಥಿಗಳನ್ನು ಅವರ ಬಳಿಗೆ ಕರೆದೊಯ್ದು, ಆ ಶಬ್ದಗಳನ್ನು ಅವರ ಬಾಯಿಂದಲೇ ಕೇಳಿಸಿ, ಬರೆದಿಡಿಸಬೇಕು. ಶರಣರು ಕಾಯಕದವರ ಮಾತಿನಿಂದ ತತ್ತ್ವವನ್ನು ಕಟ್ಟಿದರು. ಆ ತತ್ತ್ವದ ಬೀಗವನ್ನು ತೆರೆಯುವ ಕೈಯೂ ಕಾಯಕದವರ ಬಳಿಯಲ್ಲಿಯೇ ಇದೆ. ನುಡಿಯು ಅರಿವನ್ನು ಎಂಟುನೂರು ವರ್ಷ ಕಾಯ್ದಿತು. ನುಡಿಯನ್ನು ಕಾಯುವ ಸರದಿ ಈಗ ಓದುವವರದು.