ಕೊಂದವರು ಯಾರೆಂದು ಪೋಸ್ಟರ್ ಬಾಯಿಬಿಡಬಾರದು

ಥ್ರಿಲ್ಲರ್ ತೆಗೆಯಲು ಹೊರಟ ವಿದ್ಯಾರ್ಥಿ ತಂಡಕ್ಕೆ ಮೊದಲ ದಿನವೇ ಗೊತ್ತಿರಬೇಕಾದದ್ದು, ಕೊಂದವರು ಯಾರು ಎಂಬುದು. ನೋಡುವವರಿಗೆ ಅದು ಎಷ್ಟನೇ ನಿಮಿಷಕ್ಕೆ ತಿಳಿಯಬೇಕು ಎಂಬುದು ಎರಡನೆಯ ಲೆಕ್ಕ. ಇವೆರಡೂ ಕಾಗದದ ಮೇಲೆ ಬರುವ ಮೊದಲೇ ಯಾವ ಕ್ಯಾಮೆರಾ ಬಾಡಿಗೆಗೆ ತರೋಣ, ಡ್ರೋನ್ ಸಿಗುತ್ತದಾ, ಹೀರೊ ಗಡ್ಡ ಬಿಡಬೇಕಾ ಎಂದು ಹಾಸ್ಟೆಲ್ ಕೋಣೆಯಲ್ಲಿ ರಾತ್ರಿಯೆಲ್ಲ ಚರ್ಚೆ ನಡೆಯುತ್ತದೆ. ಹೈದರಾಬಾದಿನಂಥ ಸಿನಿಮಾ ಹುಚ್ಚಿನ ಊರಿನಲ್ಲಿ ಈ ಚರ್ಚೆಗೆ ಜೊತೆಗಾರರು ಬೇಗ ಸಿಗುತ್ತಾರೆ, ಹಾಗಾಗಿ ಅದು ಬೇಗ ಮುಗಿಯುವುದೂ ಇಲ್ಲ.

ಈ ಊರಿನಲ್ಲಿ ಸಿನಿಮಾ ಕಲಿಯಲು ಎರಡು ದಾರಿಗಳಿವೆ. ಒಂದು ತರಗತಿಯದು. ಅಕ್ಕಿನೇನಿ ನಾಗೇಶ್ವರರಾವ್ 1970ರ ದಶಕದಲ್ಲಿ ಕಟ್ಟಿದ ಅನ್ನಪೂರ್ಣ ಸ್ಟುಡಿಯೋದ ಆವರಣದಲ್ಲೇ 2011ರಲ್ಲಿ ಒಂದು ಸಿನಿಮಾ ಕಾಲೇಜು ಶುರುವಾಯಿತು. ಪಾಠದ ಕೋಣೆಯಿಂದ ಆಚೆ ಬಂದರೆ ನಿಜವಾದ ಶೂಟಿಂಗ್ ಫ್ಲೋರ್ ಕಾಣುವ ಕಾಲೇಜು ಅದು. ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ವಿಶ್ವವಿದ್ಯಾಲಯದ ಸಂವಹನ ವಿಭಾಗದವರು ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡುತ್ತಾರೆ. ಮಾಸಾಬ್ ಟ್ಯಾಂಕಿನ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ, ಛಾಯಾಗ್ರಹಣ ಕಲಿಯುವವರು ಸಿಗುತ್ತಾರೆ. ಒಳ್ಳೆಯ ಪೋಸ್ಟರ್ ಬೇಕಾದವರು ಅಲ್ಲೊಬ್ಬ ಗೆಳೆಯನನ್ನು ಮಾಡಿಕೊಂಡರೆ ಜಾಣರು. ಇನ್ನೊಂದು ದಾರಿ ಕೃಷ್ಣಾನಗರದ್ದು. ಜೂನಿಯರ್ ಆರ್ಟಿಸ್ಟುಗಳು, ಲೈಟ್‌ಬಾಯ್‌ಗಳು, ಅವಕಾಶಕ್ಕೆ ಕಾದಿರುವ ಸಹಾಯಕ ನಿರ್ದೇಶಕರು, ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಯವರು ಎಲ್ಲರೂ ಒಂದೇ ಗಲ್ಲಿಯಲ್ಲಿ ಚಹಾ ಕುಡಿಯುವ ಬಡಾವಣೆ. ತೆಲುಗು ಸಿನಿಮಾದವರು ಮಾತುಮಾತಿಗೆ ಹೇಳುವ ‘ಇಪ್ಪತ್ನಾಲ್ಕು ಕ್ರಾಫ್ಟ್’ಗಳಲ್ಲಿ ಅರ್ಧದಷ್ಟನ್ನು ಅಲ್ಲಿ ನಿಂತೇ ಕೇಳಿ ತಿಳಿಯಬಹುದು.

ಕನ್ನಡಿಗರಿಗೆ ಈ ಊರು ಹೊರಗಿನದೇನೂ ಅಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರಿನವರಿಗೆ ಇದೇ ರಾಜಧಾನಿ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. 2000ದಲ್ಲಿ ಶುರುವಾದ ಈಟಿವಿ ಕನ್ನಡ ನಡೆದದ್ದು ಊರಾಚೆಯ ರಾಮೋಜಿ ಫಿಲ್ಮ್ ಸಿಟಿಯಿಂದ. ಆ ವಾಹಿನಿಯ ‘ಕ್ರೈಂ ಡೈರಿ’ಯಲ್ಲಿ ರವಿ ಬೆಳಗೆರೆ ಮಾತಾಡುತ್ತಿದ್ದ ರೀತಿ ಒಂದು ತಲೆಮಾರಿನ ಕನ್ನಡಿಗರಿಗೆ ಅಪರಾಧದ ಕಥೆಯನ್ನು ಹೇಗೆ ತಡೆತಡೆದು ಹೇಳಬೇಕು ಎಂಬುದನ್ನು ಕಲಿಸಿತು. ಉತ್ತರ ಕರ್ನಾಟಕದಿಂದ ಓದಲು ಬರುವ ಹುಡುಗ ಹುಡುಗಿಯರ ಕಿವಿಯಲ್ಲಿ ಆ ದನಿ ಇನ್ನೂ ಇದ್ದರೆ ಆಶ್ಚರ್ಯವಿಲ್ಲ.

ಇಲ್ಲಿನ ವಿದ್ಯಾರ್ಥಿಗಳಿಗೆ ಕುಲದೇವತೆಯಂಥ ಚಿತ್ರವೆಂದರೆ 1989ರ ‘ಶಿವ’. ರಾಮ್ ಗೋಪಾಲ್ ವರ್ಮ ವಿಜಯವಾಡದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಅಮೀರ್‌ಪೇಟೆಯಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆ ಅಂಗಡಿ ನಡೆಸಿ, ಇಪ್ಪತ್ತೇಳರ ವಯಸ್ಸಿನಲ್ಲಿ ತೆಗೆದ ಕಾಲೇಜು ಕಥೆ. ನಾಗಾರ್ಜುನ ಸೈಕಲ್ಲಿನ ಚೈನನ್ನು ಕಿತ್ತು ಕೈಗೆ ಸುತ್ತಿಕೊಳ್ಳುವ ದೃಶ್ಯವನ್ನು ಚಿತ್ರ ನೋಡದವರೂ ಬಲ್ಲರು. ವಿದ್ಯಾರ್ಥಿಗಳು ಅದರಿಂದ ಹೊಡೆದಾಟವನ್ನು ಕಲಿಯುತ್ತಾರೆ. ಕಲಿಯಬೇಕಾದದ್ದು ಚೈನನ್ನು. ಯಾವ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲೂ ಸಿಗುವ, ನಯಾಪೈಸೆ ಖರ್ಚಿಲ್ಲದ ಒಂದು ವಸ್ತು ಇಡೀ ಚಿತ್ರದ ಗುರುತಾಗಿಬಿಟ್ಟಿತು. ಬಜೆಟ್ ಇಲ್ಲದವರು ಹುಡುಕಬೇಕಾದದ್ದು ಅಂಥದನ್ನು. ಆಮೇಲೆ 2003ರಲ್ಲಿ ಚಂದ್ರಶೇಖರ್ ಯೇಲೇಟಿ ಹೊಸಬರನ್ನು ಹಾಕಿಕೊಂಡು ‘ಐತೇ’ ಮಾಡಿ ರಾಷ್ಟ್ರಪ್ರಶಸ್ತಿ ತಂದರು. ಕಿರುಚಿತ್ರದಿಂದ ಶುರುಮಾಡಿ ದೊಡ್ಡ ಪರದೆಗೆ ದಾಟಿದ ತರುಣ್ ಭಾಸ್ಕರ್, ಸುಜೀತ್ ಇವರೆಲ್ಲರ ಹೆಸರು ಈಗ ಕಾಲೇಜುಗಳಲ್ಲಿ ಜಪವಾಗಿದೆ.

ಒಳ್ಳೆಯ ಥ್ರಿಲ್ಲರ್ ಎಳೆ ಎಲ್ಲಿ ಸಿಗುತ್ತದೆ ಎನ್ನುವುದಕ್ಕೆ ನಮ್ಮವರದೇ ಉದಾಹರಣೆ ಇದೆ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನಲ್ಲಿ ಬೈಕಿನವರು ಸುತ್ತಿ ಬರಲು ಸೋಮಾರಿತನ ಮಾಡಿ, ನಡುವಿನ ಕಲ್ಲುಗಳನ್ನು ಸರಿಸಿ ತಿರುಗಿಬಿಡುತ್ತಿದ್ದರು. ಪವನ್ ಕುಮಾರ್ 2016ರಲ್ಲಿ ‘ಯು ಟರ್ನ್’ ಕಟ್ಟಿದ್ದು ಆ ಕಲ್ಲುಗಳ ಮೇಲೆ. ಎರಡು ವರ್ಷದ ನಂತರ ಅದೇ ಕಥೆಯನ್ನು ಅವರೇ ಸಮಂತಾ ಜೊತೆ ತೆಲುಗು, ತಮಿಳಿನಲ್ಲಿ ಮಾಡಿದರು. ಹೈದರಾಬಾದಿನಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ: ಮೆಟ್ರೊ ಕಂಬಗಳ ಸಂಖ್ಯೆ, ಹಳೇ ಊರಿನ ತಾಳೆಯಾಗದ ಮನೆ ನಂಬರು, ಹಾಸ್ಟೆಲಿನ ರಾತ್ರಿ ಹಾಜರಿ ಪುಸ್ತಕ. ಆದರೂ ಹತ್ತರಲ್ಲಿ ಎಂಟು ತಂಡ ಸರಣಿ ಹಂತಕನ ಹಿಂದೆಯೇ ಓಡುತ್ತದೆ. ಏಕೆಂದು ನನಗಂತೂ ತಿಳಿಯದು. ಇಪ್ಪತ್ತು ವರ್ಷದ ನಟ ಪೊಲೀಸ್ ಕಮಿಷನರ್ ಪಾತ್ರದಲ್ಲಿ ನಿಂತಾಗ ಪ್ರೇಕ್ಷಕರು ನಕ್ಕೇ ನಗುತ್ತಾರೆ. ವಿದ್ಯಾರ್ಥಿಗಳ ಕಥೆಯಲ್ಲಿ ವಿದ್ಯಾರ್ಥಿಗಳೇ ಇದ್ದರೆ ಈ ಅಪಾಯವಿಲ್ಲ.

ಎಳೆ ಸಿಕ್ಕ ಮೇಲೆ ಮಾಡಬೇಕಾದ ಕೆಲಸಕ್ಕೆ ಒಂದು ದೊಡ್ಡ ಹಾಳೆ ಸಾಕು. ಮೇಲೆ ಪಾತ್ರಗಳ ಹೆಸರು, ಎಡಗಡೆ ದೃಶ್ಯಗಳ ಕ್ರಮ, ಕೊನೆಯ ಅಂಕಣ ಪ್ರೇಕ್ಷಕನದು. ಯಾವ ದೃಶ್ಯದ ಹೊತ್ತಿಗೆ ಯಾರಿಗೆ ಏನು ಗೊತ್ತು ಎಂದು ತುಂಬುತ್ತ ಹೋಗುವುದು. ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೊ ಜೊತೆ ಮಾತಾಡುತ್ತ ಹೇಳಿದ ಮೇಜಿನ ಕೆಳಗಿನ ಬಾಂಬಿನ ಮಾತು ಪ್ರಸಿದ್ಧ: ಬಾಂಬ್ ಇದೆಯೆಂದು ಗೊತ್ತಿಲ್ಲದೆ ಅದು ಸಿಡಿದರೆ ಪ್ರೇಕ್ಷಕ ಬೆಚ್ಚುವುದು ಕೆಲವು ಕ್ಷಣ, ಮೊದಲೇ ಗೊತ್ತಿದ್ದು, ಮೇಜಿನ ಮುಂದೆ ಕೂತವರು ಹರಟುತ್ತಿದ್ದರೆ ನಿಮಿಷಗಟ್ಟಲೆ ಚಡಪಡಿಸುತ್ತಾನೆ. ಹಾಳೆಯ ಕೊನೆಯ ಅಂಕಣ ಪಾತ್ರಗಳ ಅಂಕಣಕ್ಕಿಂತ ಎಲ್ಲಿ ಮುಂದಿದೆ, ಎಲ್ಲಿ ಹಿಂದಿದೆ ಎಂಬುದೇ ಥ್ರಿಲ್ಲರ್. ಎಲ್ಲ ಅಂಕಣಗಳೂ ಒಂದೇ ಸಮ ಸಾಗಿದ್ದರೆ ಹಿನ್ನೆಲೆ ಸಂಗೀತ ಎಷ್ಟೇ ಬಡಿದರೂ ಯಾರೂ ಕುರ್ಚಿಯ ತುದಿಗೆ ಬರುವುದಿಲ್ಲ.

ಜಾಗ ಕಡಿಮೆಯಾದಷ್ಟೂ ಒಳ್ಳೆಯದು. ಸುನಿಲ್ ಕುಮಾರ್ ದೇಸಾಯಿ 1993ರ ‘ನಿಷ್ಕರ್ಷ’ದಲ್ಲಿ ಬ್ಯಾಂಕ್ ದರೋಡೆಯನ್ನು ಒಂದೂ ಹಾಡಿಲ್ಲದೆ, ಬಹುಪಾಲು ಒಂದೇ ಕಟ್ಟಡದೊಳಗೆ ಹೇಳಿ ಮುಗಿಸಿದರು. ಅದೂ ವಿಷ್ಣುವರ್ಧನ್, ಅನಂತ್‌ನಾಗ್ ಇಟ್ಟುಕೊಂಡು. ಕ್ರಿಸ್ಟೋಫರ್ ನೋಲನ್ ತಮ್ಮ ಮೊದಲ ಚಿತ್ರ ‘ಫಾಲೋಯಿಂಗ್’ ಅನ್ನು ಗೆಳೆಯರ ಜೊತೆ ವಾರಾಂತ್ಯಗಳಲ್ಲಿ ತೆಗೆದರು; ಫಿಲ್ಮ್ ದುಬಾರಿ, ಆದ್ದರಿಂದ ನಾಟಕದಂತೆ ತಾಲೀಮು ಮಾಡಿಸಿ ಒಂದೆರಡು ಟೇಕಿನಲ್ಲೇ ಮುಗಿಸುತ್ತಿದ್ದರು. ಮೆಮೊರಿ ಕಾರ್ಡಿನ ಕಾಲದ ಹುಡುಗರು ಹದಿನೆಂಟು ಟೇಕ್ ತೆಗೆದು ಎಡಿಟಿಂಗ್ ಟೇಬಲ್ಲಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ತಾಲೀಮಿಗೆ ನಟರು ಬೇಕೆಂದರೆ ಬಂಜಾರಾ ಹಿಲ್ಸ್‌ನ ಲಾಮಕಾನ್‌ನಲ್ಲಿ ನಾಟಕ ನೋಡುತ್ತ ಕೂತರೆ ಆಯಿತು, ನಟಿಸಬಲ್ಲವರು ಕಣ್ಣಿಗೆ ಬೀಳುತ್ತಾರೆ.

ಲೊಕೇಶನ್ ವಿಚಾರದಲ್ಲಿ ಈ ಊರು ಆಸೆ ಹುಟ್ಟಿಸಿ ಕೈಕೊಡುತ್ತದೆ. ಚಾರ್‌ಮಿನಾರ್, ಗೋಲ್ಕೊಂಡ ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿರುವ ಸ್ಮಾರಕಗಳು. ಸಿನಿಮಾ ಚಿತ್ರೀಕರಣಕ್ಕೆ ಮೊದಲೇ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ಮೆಟ್ರೊ ಒಳಗೂ ಅನುಮತಿಯಿಲ್ಲದೆ ಆಗದು. ರಾಮೋಜಿ ಫಿಲ್ಮ್ ಸಿಟಿಯ ಬಾಡಿಗೆ ಹುಡುಗರ ಕೈಗೆ ಎಟುಕುವಂಥದಲ್ಲ. ಉಳಿಯುವುದು ಹಾಸ್ಟೆಲ್ ತಾರಸಿ, ಗೆಳೆಯನ ಮಾವನ ಗೋದಾಮು, ಬೆಳಗಿನ ಜಾವದ ಖಾಲಿ ಗಲ್ಲಿ. ಹಾಗಿರುವುದೇ ವಾಸಿ. ಒಂದು ಎಚ್ಚರಿಕೆಯನ್ನು ಮಾತ್ರ ತಮಾಷೆ ಮಾಡದೆ ಹೇಳಬೇಕು: ಆಟಿಕೆ ಪಿಸ್ತೂಲು ಹಿಡಿದು ರಸ್ತೆಯಲ್ಲಿ ಓಡುವ ದೃಶ್ಯವಿದ್ದರೆ ಠಾಣೆಗೆ ಮೊದಲೇ ಬರೆದು ಕೊಡಿ, ಸುತ್ತಲ ಅಂಗಡಿಯವರಿಗೂ ಹೇಳಿಡಿ. ದೂರದಿಂದ ನೋಡುವವರಿಗೆ ಕ್ಯಾಮೆರಾ ಕಾಣುವುದಿಲ್ಲ, ಪಿಸ್ತೂಲು ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ, ಸಲ್ಲಿಕೆಯ ಹಿಂದಿನ ರಾತ್ರಿ, ಪೋಸ್ಟರಿನ ನೆನಪಾಗುತ್ತದೆ. ವಿದ್ಯಾರ್ಥಿ ಚಿತ್ರಗಳ ಪ್ರಚಾರ ಸಾಮಗ್ರಿ ಸೊರಗುವುದು ಇದರಿಂದಲೇ. ವಿಡಿಯೊದಿಂದ ಕಿತ್ತ ಒಂದು ಫ್ರೇಮ್, ಕತ್ತಲಲ್ಲಿ ಅರ್ಧ ಮುಖ, ಕೆಂಪಕ್ಷರ, ಒಂದಿಷ್ಟು ರಕ್ತದ ಕಲೆ. ಪೋಸ್ಟರ್, ಟೀಸರ್, ಟ್ರೇಲರ್ ಎಲ್ಲವೂ ಆ ದೊಡ್ಡ ಹಾಳೆಯದೇ ಮುಂದುವರಿಕೆ ಎಂಬುದು ನನ್ನ ವಾದ. ಚಿತ್ರ ನೋಡುವ ಮೊದಲು ಪ್ರೇಕ್ಷಕನಿಗೆ ಏನು ಗೊತ್ತಿರಬೇಕು ಎಂಬುದೇ ಕೊನೆಯ ಅಂಕಣದ ಮೊದಲ ಸಾಲು, ಅದನ್ನು ಬರೆಯುವುದು ಪೋಸ್ಟರ್. ಆದ್ದರಿಂದ ಶೂಟಿಂಗ್ ದಿನಗಳಲ್ಲೇ ಒಬ್ಬರು ಸ್ಟಿಲ್ ಫೋಟೋಗ್ರಾಫರ್ ಇರಬೇಕು, ಪೋಸ್ಟರಿಗೆಂದೇ ಒಂದು ಗಂಟೆ ಕಾಲ್‌ಶೀಟಿನಲ್ಲಿ ಬರೆದಿರಬೇಕು.

1960ರಲ್ಲಿ ‘ಸೈಕೊ’ ಚಿತ್ರದ ಟ್ರೇಲರಿಗೆ ಹಿಚ್‌ಕಾಕ್ ತಾವೇ ಗೈಡಿನಂತೆ ನಿಂತು ಆರು ನಿಮಿಷಕ್ಕೂ ಹೆಚ್ಚು ಹೊತ್ತು ಆ ಮನೆ, ಆ ಮೋಟೆಲ್ ಸುತ್ತಾಡಿಸಿದರು. ಚಿತ್ರದ ದೃಶ್ಯ ಒಂದನ್ನೂ ತೋರಿಸಲಿಲ್ಲ. ಕೊನೆಗೆ ಸ್ನಾನದ ಮನೆಯ ಪರದೆ ಸರಿಸಿದಾಗ ಕಿರಿಚುವಾಕೆ ಕೂಡ ಚಿತ್ರದಲ್ಲಿ ಅಲ್ಲಿ ಸಾಯುವ ಜ್ಯಾನೆಟ್ ಲೀ ಅಲ್ಲ, ವೆರಾ ಮೈಲ್ಸ್. ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂಬ ನಿಯಮವೇ ಇನ್ನೊಂದು ಜಾಹೀರಾತಾಯಿತು. ಇನ್ನು 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’. ಒಂದೇ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದಿದ ಇಬ್ಬರು ಮಾಡಿದ ಆ ಚಿತ್ರದ ಕಥೆಯೂ ಕಾಡಿನಲ್ಲಿ ಕಳೆದುಹೋದ ಮೂವರು ಸಿನಿಮಾ ವಿದ್ಯಾರ್ಥಿಗಳದು. ‘ಕಾಣೆಯಾಗಿದ್ದಾರೆ’ ಎಂಬ ಕರಪತ್ರ, ನಿಜ ಘಟನೆಯೆಂದೇ ನಂಬಿಸುವ ವೆಬ್‌ಸೈಟ್, ಇವು ಅದರ ಪ್ರಚಾರದ ಹೆಸರಾದ ಅಸ್ತ್ರಗಳು. ಇದನ್ನು ಓದಿ ಯಾರೂ ತಮ್ಮ ನಾಯಕಿಯ ಫೋಟೊ ಹಾಕಿದ ನಾಪತ್ತೆ ನೋಟಿಸನ್ನು ಅಮೀರ್‌ಪೇಟೆಯ ಗೋಡೆಗೆ ಅಂಟಿಸಬೇಡಿ. ಕೋಚಿಂಗ್ ಕ್ಲಾಸು, ಪಿಜಿ ಹಾಸ್ಟೆಲುಗಳ ಆ ಬಡಾವಣೆಯಲ್ಲಿ ಅದನ್ನು ಯಾರದೋ ತಾಯಿ ನಿಜವೆಂದೇ ಓದುತ್ತಾಳೆ. ಗೋಡೆ ವಿರೂಪಗೊಳಿಸುವುದನ್ನು ತಡೆಯುವ ಇಲ್ಲಿನ 1997ರ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು.

ಪೋಸ್ಟರ್ ಹೇಗಿರಬೇಕೆಂದು ತಿಳಿಯಲು ಒಂದು ಶುಕ್ರವಾರ ಆರ್‌ಟಿಸಿ ಕ್ರಾಸ್ ರೋಡ್ಸಿಗೆ ಹೋಗಿ ನಿಲ್ಲಬೇಕು. ಸಂಧ್ಯಾ, ಸುದರ್ಶನ್, ದೇವಿ ಚಿತ್ರಮಂದಿರಗಳ ಎದುರು ಹೀರೊಗಳ ಕಟೌಟು, ಹಾರ, ತಮಟೆ. ಬಸ್ಸಿನ ಕಿಟಕಿಯಿಂದ ಕಂಡ ಅಷ್ಟೇ ಹೊತ್ತಿನಲ್ಲಿ ಯಾವುದು ಓದಲು ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ಗಮನಿಸಿದರೆ ಅಕ್ಷರದ ಗಾತ್ರದ ಪಾಠ ಮುಗಿಯಿತು. ವಿದ್ಯಾರ್ಥಿ ಚಿತ್ರಕ್ಕೆ ಕಟೌಟು ಇಲ್ಲ. ಅದರ ಪೋಸ್ಟರನ್ನು ಜನ ನೋಡುವುದು ಮೊಬೈಲಿನಲ್ಲಿ, ಹೆಬ್ಬೆರಳಿನಷ್ಟು ಅಗಲದಲ್ಲಿ. ಅಷ್ಟರೊಳಗೆ ಒಂದು ವಸ್ತು, ಒಂದು ಹೆಸರು ಕಂಡರೆ ಹೆಚ್ಚು. ನಟರ ಮುಖಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಕಾಲೇಜು ವಾರ್ಷಿಕೋತ್ಸವದ ಬ್ಯಾನರ್ ಆಗುತ್ತದೆ. ಹೆಸರನ್ನು ತೆಲುಗಿನಲ್ಲಿ ಬರೆಯುವುದೋ, ಉರ್ದುವಿನಲ್ಲೋ, ಇಂಗ್ಲಿಷಿನಲ್ಲೋ ಎಂಬುದೂ ಇಲ್ಲಿ ಕಥೆಯ ಭಾಗ. ದಖ್ಖನಿ ಮಾತಾಡುವ ಪಾತ್ರಗಳ ಚಿತ್ರಕ್ಕೆ ಬರೀ ಇಂಗ್ಲಿಷ್ ಹೆಸರು ಒಗ್ಗುವುದಿಲ್ಲ.

ಟೀಸರಿಗೆ ಒಂದೇ ಕಟ್ಟಳೆ ಇಟ್ಟುಕೊಂಡರೆ ಸಾಕು: ಕೊನೆಯ ಮೂರನೇ ಒಂದು ಭಾಗದ ಒಂದು ಫ್ರೇಮೂ ಅದರಲ್ಲಿ ಬರಬಾರದು. ಎಡಿಟರ್ ಇದನ್ನು ಒಪ್ಪುವುದಿಲ್ಲ, ಅವನ ಒಳ್ಳೆಯ ಶಾಟ್‌ಗಳೆಲ್ಲ ಅಲ್ಲೇ ಇರುತ್ತವೆ. ಸಿನಿಮಾ ಹಾಡಿನ ತುಣುಕು ಹಾಕಿದರೆ ಯೂಟ್ಯೂಬ್ ಹಕ್ಕುಸ್ವಾಮ್ಯದ ನೆಪದಲ್ಲಿ ಕಿತ್ತುಹಾಕಬಹುದು, ಗೆಳೆಯನ ಕೀಬೋರ್ಡೇ ಕ್ಷೇಮ. ದುಡ್ಡು ಕೂಡಿಸುವುದಿದ್ದರೆ ಪ್ರಚಾರ ಇನ್ನೂ ಬೇಗ ಶುರುವಾಗಬೇಕು. ಪವನ್ ಕುಮಾರ್ ‘ಲೂಸಿಯಾ’ಗೆ ಜನರಿಂದಲೇ ಬಂಡವಾಳ ಎತ್ತಿ 2013ರಲ್ಲಿ ಬಿಡುಗಡೆ ಮಾಡಿದಾಗ, ಹಣ ಹಾಕಿದವರೇ ಊರೂರಲ್ಲಿ ಅದರ ಮಾತಾಡುವವರೂ ಆಗಿದ್ದರು.

ಚಿತ್ರ ಮುಗಿದ ಮೇಲೆ ಹೈದರಾಬಾದಿನ ಹುಡುಗರ ಕನಸು ಪ್ರಸಾದ್ ಲ್ಯಾಬ್ಸಿನ ಪ್ರಿವ್ಯೂ ಥಿಯೇಟರಿನಲ್ಲಿ ಒಂದು ಶೋ. ಕಿರುಚಿತ್ರದವರು ಅಲ್ಲಿ ಶೋ ಹಾಕಿ, ವೇದಿಕೆ ಹತ್ತಿ, ಯಾರಾದರೂ ನಿರ್ದೇಶಕರ ಕೈಯಲ್ಲಿ ಪೋಸ್ಟರ್ ಬಿಡುಗಡೆ ಮಾಡಿಸುವುದು ರೂಢಿ. ಬೇಡವೆನ್ನಲು ನಾನ್ಯಾರು. ಆದರೆ ಅಲ್ಲಿ ಕೂರುವವರು ಅಪ್ಪ ಅಮ್ಮ, ತಂಡದವರು, ತಂಡದವರ ರೂಮ್‌ಮೇಟುಗಳು. ಎಲ್ಲರಿಗೂ ಕೊಂದವರು ಯಾರೆಂದು ತಿಂಗಳ ಹಿಂದೆಯೇ ಗೊತ್ತು. ಅದಕ್ಕೆ ಮೊದಲು ಒಂದು ಸಂಜೆ ಕಥೆ ಕೇಳದ ಹತ್ತು ಮಂದಿಯನ್ನು ಬೇರೆ ಕಾಲೇಜಿನಿಂದ ಕರೆತಂದು, ಬರೀ ಪೋಸ್ಟರ್ ತೋರಿಸಿ, ಕಥೆ ಏನಿರಬಹುದೆಂದು ಬರೆಸಿಕೊಳ್ಳಬೇಕು. ಚಿತ್ರ ಅರ್ಧವಾದಾಗ ನಿಲ್ಲಿಸಿ ಇನ್ನೊಮ್ಮೆ ಬರೆಸಬೇಕು. ಎರಡೂ ಚೀಟಿಯಲ್ಲಿ ಒಂದೇ ಹೆಸರಿದ್ದು, ಅದು ಕೊಂದವನದೇ ಆಗಿದ್ದರೆ ಎಡಿಟಿಂಗ್ ಕೋಣೆಗೆ ವಾಪಸ್ ಹೋಗಲು ಇನ್ನೂ ಸಮಯವಿರುತ್ತದೆ.