ಕೊಟ್ಟಿಗೆಗೂ ಅಡುಗೆಮನೆಗೂ ನಡುವಿನ ಗುಮ್ಮಟ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಪರಿಸರಸ್ನೇಹಿ ಮನೆ ಕಟ್ಟಬೇಕು ಎನ್ನುವವರು ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು, ಮಳೆನೀರಿನ ತೊಟ್ಟಿ, ಸೋಲಾರ್ ಎಂದು ಲೆಕ್ಕ ಹಾಕುತ್ತಾರೆ. ಎಲ್ಲವೂ ಬೇಕಾದವೇ. ಆದರೆ ದನ ಸಾಕುವ ಮನೆಯಾದರೆ ನನ್ನ ಮೊದಲ ಪ್ರಶ್ನೆ ಬೇರೆ: ಗೋಬರ್ ಗ್ಯಾಸಿಗೆ ಜಾಗ ಎಲ್ಲಿ ಬಿಟ್ಟಿದ್ದೀರಿ? ಗೋಡೆ ಒಮ್ಮೆ ಕಟ್ಟಿದರೆ ಮುಗಿಯಿತು. ಒಲೆ ಮಾತ್ರ ದಿನಕ್ಕೆ ಮೂರು ಹೊತ್ತು ಉರಿಯಬೇಕು.

ಮಲೆನಾಡಿನ ಮನೆ ಇರುವ ಜಾಗವೇ ಈ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಗುಡ್ಡದ ಓರೆಯಲ್ಲಿ ಕೊಟ್ಟಿಗೆ, ಅದರ ಪಕ್ಕಕ್ಕೆ ಮನೆ, ಕೆಳಗಿನ ಕಣಿವೆಯಲ್ಲಿ ಅಡಿಕೆ ತೋಟ. ಕೊಟ್ಟಿಗೆಗಿಂತ ತುಸು ತಗ್ಗಿನಲ್ಲಿ, ಅಡುಗೆಮನೆಗೆ ಹತ್ತಿರದಲ್ಲಿ ಗುಂಡಿ ಇಟ್ಟರೆ ಸಗಣಿ ತಾನಾಗಿ ಒಳಗೆ ಇಳಿಯುತ್ತದೆ, ಗ್ಯಾಸು ಬಿಟ್ಟು ಉಳಿದ ಸಗಣಿನೀರು, ಅಂದರೆ ಸ್ಲರಿ, ತಾನಾಗಿ ತೋಟಕ್ಕೆ ಹರಿಯುತ್ತದೆ. ಪಂಪೂ ಬೇಡ, ಹೊರುವುದೂ ಬೇಡ. ಬಯಲುಸೀಮೆಯ ರೈತನಿಗೆ ಈ ಅನುಕೂಲ ಸುಲಭಕ್ಕೆ ಸಿಗುವುದಿಲ್ಲ. ಬಾವಿಯಿಂದ ಮಾತ್ರ ಹತ್ತು-ಹದಿನೈದು ಮೀಟರ್ ದೂರ ಇರಲೇಬೇಕು.

ನಮ್ಮಲ್ಲಿ ಹೆಚ್ಚಾಗಿ ಕಟ್ಟುವುದು 1984ರಲ್ಲಿ ರೂಪುಗೊಂಡ ದೀನಬಂಧು ಮಾದರಿ. ಅದಕ್ಕೂ ಮೊದಲು ಖಾದಿ ಗ್ರಾಮೋದ್ಯೋಗ ಆಯೋಗದ ತೇಲುವ ಡ್ರಮ್ಮಿನ ಮಾದರಿ ಇತ್ತು. ಆಗುಂಬೆಯಂಥ ಊರಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ. ಕಬ್ಬಿಣದ ಡ್ರಮ್ಮು ತುಕ್ಕು ಹಿಡಿಯದೆ ಉಳಿಯುವುದು ಕಷ್ಟ. ದೀನಬಂಧುವಿನಲ್ಲಿ ಚಲಿಸುವ ಭಾಗವೇ ಇಲ್ಲ. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಒಂದು ಕಡೆ ಸಗಣಿ ಕಲಸಿ ಬಿಡುವ ತೊಟ್ಟಿ, ಇನ್ನೊಂದು ಕಡೆ ಸ್ಲರಿ ಹೊರಬರುವ ತೊಟ್ಟಿ. ಗುಮ್ಮಟದ ನೆತ್ತಿಯಲ್ಲಿ ಅನಿಲ ತುಂಬಿದಂತೆ ಅದು ಸ್ಲರಿಯನ್ನು ಕೆಳಕ್ಕೆ ಒತ್ತುತ್ತದೆ. ಒತ್ತಿಸಿಕೊಂಡ ಸ್ಲರಿ ಹೊರತೊಟ್ಟಿಯಲ್ಲಿ ಮೇಲೇರುತ್ತದೆ. ಒಲೆ ಹಚ್ಚಿದಾಗ ಆ ಸ್ಲರಿಯೇ ಮರಳಿ ಒಳಗಿಳಿದು ಅನಿಲವನ್ನು ಪೈಪಿನತ್ತ ತಳ್ಳುತ್ತದೆ.

ಒಳಗಿನ ಕೆಲಸ ಸೂಕ್ಷ್ಮಜೀವಿಗಳದ್ದು. ಒಂದು ಗುಂಪು ನಾರು, ಪಿಷ್ಟಗಳನ್ನು ಒಡೆಯುತ್ತದೆ, ಇನ್ನೊಂದು ಅದನ್ನು ಆಮ್ಲ ಮಾಡುತ್ತದೆ, ಕೊನೆಯ ಗುಂಪು ಅದರಿಂದ ಮೀಥೇನ್ ತಯಾರಿಸುತ್ತದೆ. ಈ ಕೊನೆಯವು ಹಸುವಿನ ಹೊಟ್ಟೆಯಲ್ಲೇ ಬದುಕುವ ಜೀವಿಗಳು. ಹಾಗಾಗಿ ಸಗಣಿಗೆ ಬೇರೆ ಹೆಪ್ಪು ಬೇಕಿಲ್ಲ. ಆದರೆ ಅವು ಬಲು ನಾಜೂಕು. ಗಾಳಿಯ ಆಮ್ಲಜನಕ ತಾಗಬಾರದು, ಹುಳಿ ಹೆಚ್ಚಬಾರದು, ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಒಳಗೆ ಹೋಗಲೇಬಾರದು. 30ರಿಂದ 35 ಡಿಗ್ರಿ ಶಾಖದಲ್ಲಿ ಅವು ಚುರುಕು, 20ಕ್ಕಿಂತ ಕೆಳಗೆ ಮಂಕು. ಧನುರ್ಮಾಸದ ಚಳಿಯಲ್ಲೂ ಆಷಾಢದ ಜಡಿಮಳೆಯಲ್ಲೂ ಗ್ಯಾಸು ಕಡಿಮೆಯಾಗುವುದು ಇದೇ ಕಾರಣಕ್ಕೆ. ಮಳೆನೀರು ಒಳಗೆ ಸೇರಿ ಸಗಣಿ ತೆಳುವಾದರೆ ಇನ್ನಷ್ಟು ಕಡಿಮೆ. ತೊಟ್ಟಿಗಳ ಮೇಲೊಂದು ಮಾಡು ಇಳಿಸುವುದು ಇಲ್ಲಿ ಕಡ್ಡಾಯ.

ಒಂದು ಕಿಲೋ ಹಸಿ ಸಗಣಿಗೆ ಸುಮಾರು 0.04 ಘನಮೀಟರ್ ಅನಿಲ. ದಿನಕ್ಕೆ 50 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಬಿಟ್ಟರೆ 2 ಘನಮೀಟರ್. ನಾಲ್ಕೈದು ಜನರ ಅಡುಗೆಗೆ ಸಾಕು. ಅದು ದಿನಕ್ಕೆ 0.9 ಕಿಲೋದಷ್ಟು ಎಲ್‌ಪಿಜಿಗೆ ಸಮ, ಅಂದರೆ ಸುಮಾರು ಹದಿನಾರು ದಿನಕ್ಕೆ ಒಂದು ಸಿಲಿಂಡರ್ ಉಳಿತಾಯ. ಮಳೆಗಾಲದ ಹಸಿ ಸೌದೆಯನ್ನು ಊದುಕೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡ ಹೆಂಗಸರಿಗೆ ಇದರಿಂದ ಸಿಕ್ಕ ನೆಮ್ಮದಿಯನ್ನು ಯಾವ ಲೆಕ್ಕದಲ್ಲೂ ಹಿಡಿಯಲಾಗದು. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಊರು, ಗದ್ದೆ, ತೋಟ ಮುಳುಗಿಸಿಕೊಂಡು ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯ ಮನೆಗಳಿವು. ಅವುಗಳ ಒಲೆಗೆ ಇಷ್ಟಾದರೂ ಸ್ವಂತದ್ದು ಇರಲಿ ಎಂಬುದು ನನ್ನ ಆಸೆ.

ಎಲ್ಲ ದನವೂ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ಮಲೆನಾಡು ಗಿಡ್ಡ ಸಣ್ಣ ದೇಹದ ತಳಿ, ಹಗಲೆಲ್ಲ ಗುಡ್ಡ ಬೆಟ್ಟದಲ್ಲಿ ಮೇಯುತ್ತದೆ. ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯ ಸಗಣಿ ಮಾತ್ರ. ಇಂಥ ದನ ಎರಡೇ ಇದ್ದರೆ ದೊಡ್ಡ ಗುಮ್ಮಟ ಕಟ್ಟಿ ಪ್ರಯೋಜನವಿಲ್ಲ. 1 ಘನಮೀಟರಿನದಕ್ಕೂ ದಿನಕ್ಕೆ 25 ಕಿಲೋ ಬೇಕು. ಅನ್ನ ಬಸಿದ ಗಂಜಿ, ಸಣ್ಣಗೆ ಹೆಚ್ಚಿದ ಹಲಸಿನ ತೊಳೆಯ ಕಸ ಸ್ವಲ್ಪ ಸ್ವಲ್ಪ ಸೇರಿಸಬಹುದು, ಒಮ್ಮೆಲೇ ಸುರಿದರೆ ಹುಳಿಯೇರಿ ಗ್ಯಾಸು ನಿಲ್ಲುತ್ತದೆ.

ಇನ್ನೊಂದು ತೊಡಕು ಸೊಪ್ಪಿನದ್ದು. ಕೊಟ್ಟಿಗೆಗೆ ಸೊಪ್ಪು, ದರಕು (ಉದುರಿದ ಒಣ ಎಲೆ) ಹಾಸಿ ಗೊಬ್ಬರ ಮಾಡುವುದು ಇಲ್ಲಿಯ ಹಳೆಯ ಪದ್ಧತಿ. ಆ ಗೊಬ್ಬರ ಗುಂಡಿಯೊಳಗೆ ಹೋದರೆ ಎಲೆ ಮೇಲೆ ತೇಲಿ ಕೆನೆಗಟ್ಟಿ ಅನಿಲಕ್ಕೆ ದಾರಿ ಕಟ್ಟುತ್ತದೆ. ಗ್ಯಾಸೋ ಗೊಬ್ಬರವೋ ಎಂದು ಆರಿಸಿಕೊಳ್ಳಬೇಕೆಂದು ಹಲವರು ಹಿಂಜರಿಯುತ್ತಾರೆ. ಆರಿಸಬೇಕಿಲ್ಲ. ಬರಿ ಸಗಣಿ ಗುಮ್ಮಟಕ್ಕೆ, ದರಕು ಗೊಬ್ಬರಗುಂಡಿಗೆ, ಗುಮ್ಮಟದಿಂದ ಬಂದ ಸ್ಲರಿ ಆ ದರಕಿನ ಮೇಲೆ. ಸಗಣಿಯ ಸಾರಜನಕ ಸುಟ್ಟುಹೋಗುವುದಿಲ್ಲ. ಸ್ಲರಿಯಲ್ಲಿ ಅದು ಬೇರು ಬೇಗ ಹೀರುವ ರೂಪದಲ್ಲೇ ಉಳಿದಿರುತ್ತದೆ.

ಪಕ್ಕದ ಸಿರ್ಸಿ ಸೀಮೆಯ ಗೋಬರ್ ಗ್ಯಾಸನ್ನು ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ, ಎನ್.ಎಚ್. ರವೀಂದ್ರನಾಥ್ ಅಧ್ಯಯನ ಮಾಡಿ, 2001ರಲ್ಲಿ ಅದನ್ನು ಯಶಸ್ಸಿನ ಕಥೆಯೆಂದೇ ಬರೆದರು. ಕಟ್ಟಿದವರೇ ಖಾತರಿ ಕೊಟ್ಟು, ಕೆಟ್ಟರೆ ಬಂದು ಸರಿಮಾಡಿದ್ದು ಅಲ್ಲಿ ದೊಡ್ಡ ಕಾರಣ. ಸಬ್ಸಿಡಿಗಿಂತ ಮೊದಲು ಹುಡುಕಬೇಕಾದ್ದು ಇಂಥ ಮೇಸ್ತ್ರಿಯನ್ನು. ಗುಮ್ಮಟದ ಒಳಗಾರೆಯಲ್ಲಿ ಕೂದಲೆಳೆ ಬಿರುಕಿದ್ದರೂ ಮೀಥೇನ್ ಸೋರುತ್ತದೆ, ಮತ್ತು ಅದು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುವ ಅನಿಲ.

ಬಚ್ಚಲ ಹಂಡೆಗೂ ಅಡಿಕೆ ಬೇಯಿಸುವುದಕ್ಕೂ ಈ ಗ್ಯಾಸು ಸಾಲದು. ಅಲ್ಲಿ ಸೌದೆ ಬೇಕೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯಂಥವು ಅದನ್ನು ಕಡಿಮೆ ಮಾಡಿಕೊಡುತ್ತವೆ. ಗುಮ್ಮಟದ ಕೆಲಸವನ್ನು ಮಳೆಗೆ ಮೊದಲೇ ಮುಗಿಸಿ ಸಗಣಿ ತುಂಬಿಡಿ. ಮಳೆಗಾಲದಲ್ಲಿ ಅಂತರ್ಜಲ ಏರಿದಾಗ ಖಾಲಿ ಗುಂಡಿಯನ್ನು ನೀರು ಮೇಲಕ್ಕೆತ್ತಿ ಬಿರಿಯಿಸಬಹುದು. ಮೊದಲು ಬರುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು, ಅದು ಹೊತ್ತುವುದಿಲ್ಲ. ಅದನ್ನು ಬಯಲಿಗೆ ಬಿಟ್ಟು, ಎರಡನೆಯ ಸಲ ತುಂಬಿದ್ದನ್ನು ಒಲೆಯಲ್ಲೇ ಹಚ್ಚಿ ನೋಡಿ, ಗುಮ್ಮಟದ ಬಾಯಲ್ಲಿ ಎಂದಿಗೂ ಬೇಡ.