ಮೇಲ್ ಆ್ಯಪ್ ಡಿಲೀಟ್ ಮಾಡಿದ್ರೆ ಮುಗೀತೇನ್ರಿ?

ಯಡೂರಿನಿಂದ ಮಾತಾಡ್ತಿದ್ದೀನಿ. ಬಿ.ಕಾಂ ಓದುವಾಗ ಹಾಕಿಕೊಂಡಿದ್ದ ಒಂದು ಮೇಲ್ ಆ್ಯಪ್ ಫೋನಿನಿಂದ ತೆಗೆದು ವರ್ಷಗಳೇ ಆದವು. ಮೊನ್ನೆ ಗೂಗಲ್ ಖಾತೆ ತೆರೆದು ನೋಡ್ತೀನಿ, ಅದಕ್ಕೆ ಕೊಟ್ಟ ಅನುಮತಿ ಹಂಗೇ ಐತಿ!

ಯಾಕಂದ್ರೆ, ಮೊದಲು ಎಷ್ಟೋ ಆ್ಯಪ್‌ಗಳಿಗೆ ನಮ್ಮ ಜಿಮೇಲ್ ಪಾಸ್‌ವರ್ಡನ್ನೇ ಕೊಡಬೇಕಿತ್ತು. 2022ರ ಮೇ 30ರಿಂದ ಬರೀ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಆ್ಯಪ್‌ಗಳಿಗೆ ಗೂಗಲ್ ಬಾಗಿಲು ಹಾಕಿತು. ಈಗ ಸೈನ್ ಇನ್ ಒತ್ತಿದರೆ ಗೂಗಲ್‌ನದೇ ಪುಟ ತೆರೆಯುತ್ತದೆ. ಪಾಸ್‌ವರ್ಡ್ ಅಲ್ಲೇ ಉಳಿಯುತ್ತದೆ, ಆ್ಯಪ್‌ಗೆ ಸಿಗೋದು ಒಂದು ಟೋಕನ್.

ಆದರೆ ಆ ಪುಟದಲ್ಲಿರೋದನ್ನ ಓದಿದ್ದೀರಾ? ಮೇಲ್ ಓದುವುದು, ಬರೆಯುವುದು, ಕಳಿಸುವುದು, ಶಾಶ್ವತವಾಗಿ ಅಳಿಸುವುದು. ಇಷ್ಟಕ್ಕೂ ನಾವು ಒಂದೇ ಸಲ 'ಅಲೋ' ಅಂದುಬಿಡ್ತೀವಿ.

ಕ್ಯಾಮೆರಾ, ಕಾಂಟ್ಯಾಕ್ಟ್ಸ್ ಅನುಮತಿ ಫೋನಿಗೆ ಸಂಬಂಧಿಸಿದ್ದು, ಆ್ಯಪ್ ಜೊತೆಗೇ ಹೋಗುತ್ತದೆ. ಮೇಲ್ ಅನುಮತಿ ಇರೋದು ಗೂಗಲ್ ಖಾತೆಯಲ್ಲಿ. ಕೆಲವು ಆ್ಯಪ್‌ಗಳು ಟೋಕನ್ ಅನ್ನು ತಮ್ಮ ಸರ್ವರ್‌ನಲ್ಲೇ ಇಟ್ಟುಕೊಂಡಿರುತ್ತವೆ. ಬಾಡಿಗೆಯವರು ಮನೆ ಬಿಟ್ಟರು, ಕೀಲಿಕೈ ಮಾತ್ರ ಅವರ ಹತ್ರನೇ ಉಳೀತು ಅನ್ನೋ ಹಂಗ.

ಬ್ಯಾಂಕ್ ಸ್ಟೇಟ್‌ಮೆಂಟ್, ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸೋ ಲಿಂಕ್, ಎಲ್ಲಾ ಬರೋದು ಮೇಲ್‌ಗೇ ಅಲ್ರೀ?

ಅದಕ್ಕೆ ಇವತ್ತೇ ಗೂಗಲ್ ಖಾತೆಯ ಸೆಕ್ಯೂರಿಟಿ ವಿಭಾಗಕ್ಕೆ ಹೋಗ್ರಿ. ಥರ್ಡ್ ಪಾರ್ಟಿ ಆ್ಯಪ್‌ಗಳ ಪಟ್ಟಿ ನೋಡಿ, ಬಳಸದವುಗಳ ಸಂಪರ್ಕ ತೆಗೀರಿ. ಆ್ಯಪ್ ಆಗಲೇ ನಕಲು ಮಾಡಿಕೊಂಡ ಮೇಲ್ ಇದರಿಂದ ಅಳಿಯೋದಿಲ್ಲ, ಆದರೆ ಮುಂದೆ ಬರೋ ಮೇಲ್ ಅದರ ಕೈಗೆ ಸಿಗೋದಿಲ್ಲ.

ನನ್ನ ಪಟ್ಟಿಯಿಂದ ಅದನ್ನ ತೆಗೆದೆ. ನಿಮ್ಮ ಪಟ್ಟಿಯಲ್ಲಿ ಎಷ್ಟದಾವ, ನೋಡಿ ತಿಳಿಸ್ರಿ.